ಮೂರನೆಯ ಹೃದಯ

ಪರದೆಯ ಮೇಲೆ ಹೆಸರಿರಲಿಲ್ಲ, ಬರೀ ಒಂದು ಸಂಖ್ಯೆ ಇತ್ತು. ಆದರೂ ನೀಲಾಂಬಿಕಾ ಗಂಡನ ಎದೆಯನ್ನು ಗುರುತಿಸಿಬಿಟ್ಟಳು.

ಗುರುತು ಸಿಕ್ಕಿದ್ದು ಉಸಿರಿನಿಂದ. ರೋಗಿಗಳು ತೊಡುವ ತಂತಿಯಂಗಿ ಎದೆಬಡಿತದ ಜೊತೆಗೆ ಎದೆಗೂಡಿನ ಏರಿಳಿತವನ್ನೂ ದಾಖಲಿಸುತ್ತಿತ್ತು. ಈ ರೋಗಿಯ ದಾಖಲೆಯಲ್ಲಿ ದಿನಾ ಸಂಜೆಯಾಗುತ್ತಲೇ ಉಸಿರಿನ ಗೆರೆ ಒಮ್ಮೆ ತುಂಬಿ ಏರಿ, ಆಮೇಲೆ ಬಾಚಣಿಗೆಯ ಹಲ್ಲಿನಂತೆ ಸಣ್ಣಸಣ್ಣಗೆ ನಡುಗುತ್ತ ಇಳಿದು, ಕೊನೆಗೆ ಧೊಪ್ಪನೆ ಬೀಳುತ್ತಿತ್ತು. ಮತ್ತೆ ಏರಿಕೆ, ಮತ್ತೆ ಬಾಚಣಿಗೆ. ಉಸಿರು ಬಿಗಿಹಿಡಿದು 'ಕಬಡ್ಡಿ ಕಬಡ್ಡಿ' ಎನ್ನುವವನ ಗೆರೆ ಅದು. ಈ ಎದೆರೋಗಿಗಳಲ್ಲಿ ಅಂಥ ಹುಚ್ಚಾಟ ಆಡುವವನು ಒಬ್ಬನೇ.

ವೃಷಭೇಂದ್ರ ಕೊಟಬಾಗಿ ಹುಬ್ಬಳ್ಳಿಯ ಹೆಣ್ಣುಮಕ್ಕಳ ಕಬಡ್ಡಿ ತಂಡಕ್ಕೆ ತರಬೇತುದಾರ. ಎದುರಾಳಿಯ ಅಂಗಳಕ್ಕೆ ನುಗ್ಗಿದ ಹುಡುಗಿಯ ಎದೆಯಲ್ಲಿ ಇನ್ನೆಷ್ಟು ಉಸಿರು ಉಳಿದಿದೆ ಎಂದು ಬೆನ್ನು ತಿರುಗಿಸಿ ನಿಂತು, ಬರೀ ದನಿ ಕೇಳಿ ಹೇಳುತ್ತಿದ್ದ. ಹಿಂದಿನ ಚಳಿಗಾಲದಲ್ಲಿ ಬಂದ ವೈರಾಣು ಜ್ವರ ಅವನ ಹೃದಯದ ಸ್ನಾಯುವನ್ನು ತಿಂದುಹಾಕಿತು. ಆಮೇಲೊಂದು ದಿನ ತಂಡದ ನಾಯಕಿ ಶಬಾನಾ ನದಾಫಳಿಗೆ ದಾಳಿಯ ಹೆಜ್ಜೆ ತೋರಿಸಲು ಹೋದವನು ನಡುಗೆರೆಯ ಮೇಲೆಯೇ ಕುಸಿದು ಕೂತ. ಸರ್ ನಟನೆ ಮಾಡುತ್ತಿದ್ದಾರೆಂದು ಹುಡುಗಿಯರು ನಕ್ಕರಂತೆ.

ನೀಲಾಂಬಿಕಾ ಅದೇ ಊರಿನ ಹೃದಯ ಸಂಸ್ಥೆಯಲ್ಲಿ ಎಂಜಿನಿಯರ್. ಗಂಡನನ್ನು ಅಲ್ಲಿಗೇ ಕರೆತಂದಳು. ತೋರಿಸಿದ್ದು ಮುಖ್ಯಸ್ಥೆ ಡಾ. ವಸುಂಧರಾ ಹೆರಂಜಾಲು ಅವರಿಗೆ.

"ಕೆಳಗಿನ ಕೋಣೆಗಳು ಮೊದಲೇ ಸೋತಿವೆ, ರಕ್ತ ತಳ್ಳುವ ಶಕ್ತಿ ಅರ್ಧಕ್ಕಿಂತ ಕಡಿಮೆ ಆಗಿದೆ," ಎಂದರು ಡಾಕ್ಟರು. "ಈಗ ಮೇಲಿನ ಕೋಣೆಗಳೂ ಲಯ ತಪ್ಪಿವೆ. ಬಡಿಯೋ ಬದಲು ಸುಮ್ಮನೆ ನಡುಗ್ತಾ ಇವೆ. ಅದರಿಂದ ಕೆಳಗಿನವು ಇನ್ನೂ ಸೋಲ್ತವೆ, ಅವು ಸೋತಷ್ಟೂ ಮೇಲಿನವು ಇನ್ನೂ ನಡುಗ್ತವೆ."

"ಏನ್ ಮಾಡಬೇಕ್ರಿ ಹಂಗಾರ?" ಎಂದು ಕೇಳಿದ ವೃಷಭೇಂದ್ರ.

ಎರಡು ದಾರಿಗಳಿದ್ದವು. ಒಂದು, ಲಯವನ್ನು ಮಾತ್ರೆಗಳಿಂದ ಹತೋಟಿಗೆ ತರುವುದು. ಇನ್ನೊಂದು, ತೊಡೆಯ ರಕ್ತನಾಳದಿಂದ ತೆಳು ತಂತಿಯನ್ನು ಹೃದಯದೊಳಕ್ಕೆ ತೂರಿಸಿ, ಎಲ್ಲಿಂದ ಆ ಹಾದಿತಪ್ಪಿದ ವಿದ್ಯುತ್ತು ಹುಟ್ಟುತ್ತದೋ ಅಲ್ಲೇ ಸುತ್ತಲೂ ಚುಕ್ಕೆಚುಕ್ಕೆಯಾಗಿ ಸುಟ್ಟು ಬೇಲಿ ಹಾಕುವುದು. ಸೋತ ಹೃದಯದವರಿಗೆ ಯಾವುದು ಮೇಲು ಎಂದು ವೈದ್ಯಲೋಕ ಬಹಳ ವರ್ಷ ಗುದ್ದಾಡಿತ್ತು. ಗುಂಪಿನ ಲೆಕ್ಕದಲ್ಲಿ ತಂತಿಯ ಕಡೆಗೇ ಒಲವಿತ್ತು. ಆದರೆ ತಂತಿಯಿಂದ ನರಳಿದವರೂ ಇದ್ದರು, ಮಾತ್ರೆಯಲ್ಲೇ ಚೇತರಿಸಿಕೊಂಡು ಮೊಮ್ಮಕ್ಕಳನ್ನು ಆಡಿಸುವವರೂ ಇದ್ದರು. ನಿಮ್ಮ ಎದುರು ಕೂತ ಈ ಒಬ್ಬ ಮನುಷ್ಯನಿಗೆ ಯಾವುದು ಎಂದು ಕೇಳಿದರೆ ಯಾರ ಬಳಿಯೂ ಉತ್ತರವಿರಲಿಲ್ಲ. ಒಬ್ಬನೇ ಮನುಷ್ಯನನ್ನು ಎರಡೂ ದಾರಿಯಲ್ಲಿ ಕಳಿಸಿ ನೋಡುವುದು ಹೇಗೆ?

ನೀಲಾಂಬಿಕಾಳ ಕೋಣೆಯಲ್ಲಿದ್ದ ಯಂತ್ರ ಮಾಡುತ್ತಿದ್ದುದು ಅದನ್ನೇ. ರೋಗಿಯ ಹೃದಯದ ಚಿತ್ರ, ರಕ್ತದ ಗುಣ, ತಂತಿಯಂಗಿಯ ದಾಖಲೆ ಎಲ್ಲವನ್ನೂ ಉಣಿಸಿದರೆ ಅದು ಸ್ನಾಯುವಿನ ಎಳೆಎಳೆಯನ್ನೂ ಲೆಕ್ಕದಲ್ಲಿ ಕಟ್ಟಿ, ಆ ಹೃದಯದ ಎರಡು ನಕಲುಗಳನ್ನು ಬಡಿಯಲು ಬಿಡುತ್ತಿತ್ತು. ಎಡಪರದೆಯ ನಕಲಿಗೆ ಮಾತ್ರೆ, ಬಲಪರದೆಯದಕ್ಕೆ ತಂತಿ. ಯಂತ್ರದೊಳಗೆ ಕಾಲ ಬೇಗ ಓಡುತ್ತದೆ. ಹೊರಗಿನವರು ಒಂದು ಹಗಲು ಕಳೆಯುವುದರಲ್ಲಿ ನಕಲುಗಳು ವರ್ಷಗಟ್ಟಲೆ ಬದುಕಿರುತ್ತಿದ್ದವು.

ಆದರೆ ಯಂತ್ರದ ಮಾತು ನಿಜವೇ ಎಂದು ಮೊದಲು ತಿಳಿಯಬೇಕಲ್ಲ. ಅದಕ್ಕಾಗಿಯೇ ಅಧ್ಯಯನ. ಅದಕ್ಕೆ ಸೇರಿದವರಿಗೆ ಯಾವ ಚಿಕಿತ್ಸೆ ಎಂದು ಚೀಟಿ ಎತ್ತಿದಂತೆ ಗಣಕವೇ ಆರಿಸುತ್ತಿತ್ತು. ನಕಲುಗಳ ಭವಿಷ್ಯವನ್ನು ರೋಗಿಗೂ ವೈದ್ಯರಿಗೂ ತೋರಿಸುವಂತಿರಲಿಲ್ಲ. ಎಲ್ಲ ಮುಗಿದ ಮೇಲೆ ಯಂತ್ರ ಹೇಳಿದ್ದನ್ನೂ ನಿಜವಾಗಿ ನಡೆದದ್ದನ್ನೂ ಪಕ್ಕಪಕ್ಕ ಇಟ್ಟು ನೋಡುವುದು. ಯಂತ್ರ ಕಾಯುವವರು ಮಾತ್ರ ಪರದೆ ನೋಡಲೇಬೇಕಿತ್ತು. ಅವರು ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟಿದ್ದರು.

ಗಂಡ ಅಧ್ಯಯನಕ್ಕೆ ಸೇರುವಾಗ, ಆ ಪರದೆ ಕಾಯುವವಳು ತಾನೇ ಎಂದು ನೀಲಾಂಬಿಕಾ ಡಾಕ್ಟರಿಗೆ ಹೇಳಿದ್ದಳು. "ಹೆಸರು ಇರೋದಿಲ್ಲ, ನಿಮಗೂ ಗೊತ್ತಾಗೋದಿಲ್ಲ," ಎಂದಿದ್ದರು ಅವರು.

ವೃಷಭೇಂದ್ರನಿಗೆ ಮಾತ್ರೆ ಬಂತು.

ಮೊದಲಲ್ಲಿ ಎಲ್ಲ ಚೆನ್ನಾಗಿಯೇ ನಡೆಯಿತು. ಪಾದದ ಬಾವು ಇಳಿಯಿತು. ಒಂದು ಮಾತ್ರೆಯಿಂದ ಬಿಸಿಲು ತಾಗಿದರೆ ಮೈ ಉರಿಯುತ್ತಿತ್ತು. ಬಯಲಲ್ಲೇ ಬೆಳೆದವನು ಉದ್ದ ತೋಳಿನ ಅಂಗಿ, ಅಗಲದ ಟೊಪ್ಪಿಗೆ ಹಾಕಿಕೊಂಡು ಮೈದಾನಕ್ಕೆ ಹೋಗುವಂತಾಯಿತು. ಉಪ್ಪಿಲ್ಲದ ಪಲ್ಯದ ಜೊತೆ ರೊಟ್ಟಿ ತಿನ್ನುತ್ತ ಒಂದು ದಿನ ಅವನೆಂದ:

"ನೋಡ ನೀಲಾ, ಮಾತ್ರೆ ಹಿಡದಾವ. ಇವತ್ತ ಮೈದಾನ ಒಂದ್ ಸುತ್ತ ಹಾಕಿದೆ, ಎಲ್ಲೂ ಕೂಡಲಿಲ್ಲ."

"ಛಲೋ ಆತಲ್ರಿ," ಎಂದಳು ನೀಲಾಂಬಿಕಾ.

"ಮತ್ತ ಮಾರಿ ಯಾಕ ಹಂಗ್ ಮಾಡೀದಿ?"

"ದಣಿವಾಗೇತ್ರಿ," ಎಂದು ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಅದೇ ವಾರ ಅವಳು ಪರದೆಯಲ್ಲಿ ಬಾಚಣಿಗೆಯ ಗೆರೆಯನ್ನು ಕಂಡಿದ್ದಳು. ಆ ಸಂಖ್ಯೆಯ ಎಡಪರದೆಯ ನಕಲು ಮೊದಲೊಂದಿಷ್ಟು ಕಾಲ ಸುಧಾರಿಸಿ, ಈಗ ಬಲೂನಿನಂತೆ ಹಿಗ್ಗುತ್ತಿತ್ತು. ಮೇಲಿನ ಕೋಣೆಯ ಗೋಡೆಯಲ್ಲಿ ಗಾಯದ ಕಲೆಯಂಥ ಬಿಳಿ ಎಳೆಗಳು ಹಬ್ಬುತ್ತಿದ್ದವು. ಯಂತ್ರದ ಲೆಕ್ಕದಲ್ಲಿ ಮುಂದಿನ ಮಳೆಗಾಲ ದಾಟುವುದರೊಳಗೆ ಅದು ನಿಂತುಹೋಯಿತು. ಬಲಪರದೆಯಲ್ಲಿ ಅದೇ ಹೃದಯ, ಅದೇ ಜ್ವರ ತಿಂದ ಸ್ನಾಯು. ತಂತಿ ಹಾಯ್ದ ಮೇಲೆ ಅದರ ನಡುಕ ನಿಂತಿತ್ತು. ಹಿಗ್ಗಿದ್ದ ಕೋಣೆಗಳು ಮೆಲ್ಲಗೆ ಬಿಗಿಯುತ್ತ ಬಂದು, ಅದು ಎರಡು ಮಳೆಗಾಲಗಳ ಆಚೆಗೂ ನೆಟ್ಟಗೆ ಬಡಿಯುತ್ತಿತ್ತು.

ಅವಳು ಯಾವುದೋ ಲೆಕ್ಕ ತಪ್ಪಿರಬೇಕೆಂದು ಮತ್ತೆ ಓಡಿಸಿದಳು. ಅದೇ ಉತ್ತರ ಬಂತು. ಮರುದಿನ ಹೊಸದಾಗಿ ಉಣಿಸಿ ಓಡಿಸಿದಳು. ಅದೇ ಉತ್ತರ.

ಕೊಟ್ಟ ಮಾತು ಮುರಿದು ಡಾ. ವಸುಂಧರಾ ಅವರ ಕೋಣೆಗೆ ಹೋದಳು. ಅವಳು ಹೇಳುವುದನ್ನು ಡಾಕ್ಟರು ತಡೆಯಲಿಲ್ಲ. ಕನ್ನಡಕ ತೆಗೆದಿಟ್ಟು ಕೇಳಿದರು. ಆಮೇಲೆ ಕಿಟಕಿಯ ಹತ್ತಿರ ಕರೆದು, ಕೆಳಗಿನ ಅಂಗಳದಲ್ಲಿ ಎಳನೀರು ಕುಡಿಯುತ್ತ ನಿಂತಿದ್ದ ಒಬ್ಬ ಮುದುಕನನ್ನು ತೋರಿಸಿದರು.

"ಅವರದ್ದೂ ಮಾತ್ರೆ ಗುಂಪು. ಹೋದ ದೀಪಾವಳಿಗೇ ಹೋಗ್ತಾರೆ ಅಂತ ನಿಮ್ಮ ಯಂತ್ರ ಹೇಳಿತ್ತಂತೆ. ನಿಮ್ಮ ಹಾಗೇ ಯಂತ್ರ ಕಾಯೋ ಇನ್ನೊಬ್ಬರು ಬಂದು ನನ್ನ ಹತ್ತಿರ ಅತ್ತಿದ್ದರು. ನೋಡಿ, ನಿಂತಿದ್ದಾರೆ."

"ನಮ್ಮವ್ರ ವಿಷ್ಯದಾಗ ತಪ್ಪಿಲ್ರಿ, ಮೇಡಂ. ಮೂರು ಸಲ ನೋಡೇನಿ."

"ತಪ್ಪಿಲ್ಲ ಅಂತ ನಿಮಗೆ ಹೇಗೆ ಗೊತ್ತು? ಅದನ್ನ ತಿಳ್ಕೊಳ್ಳೋಕೇ ಅಲ್ವಾ ಇಷ್ಟೆಲ್ಲ ಮಾಡ್ತಿರೋದು?" ಡಾಕ್ಟರ ದನಿ ಗಡುಸಾಗಿರಲಿಲ್ಲ. "ಸರಿ, ನಿಮ್ಮ ಗಂಡನಿಗೆ ನಾಳೆಯೇ ತಂತಿ ಹಾಕೋಣ. ಅವರ ಹಾಗೆ ಎಡಪರದೆ ನಿಂತುಹೋದವರು ಇನ್ನೂ ಎಷ್ಟೋ ಜನ ಇರಬಹುದಲ್ಲ, ಅವರಿಗೆ? ಅವರ ಹೆಂಡತಿಯರು ಯಾರೂ ಆ ಕೋಣೆಯಲ್ಲಿ ಕೂತಿಲ್ಲ, ನೀಲಾಂಬಿಕಾ."

ಅಧ್ಯಯನದಿಂದ ಹೊರಗೆ ಬಂದರೆ ಹೇಗೆ ಎಂದು ಕೇಳಿದಳು.

"ಬರಬಹುದು, ಅದು ರೋಗಿಯ ಹಕ್ಕು. ಆದರೆ ಹೊರಗೆ ಸಾಲು ಉದ್ದ ಇದೆ, ಮಾತ್ರೆ ಸೋತವರಿಗೇ ಮೊದಲ ಸರದಿ. ನಿಮ್ಮವರಿಗೆ ಮಾತ್ರೆ ಇನ್ನೂ ಸೋತಿಲ್ಲ. ಚೆನ್ನಾಗಿದ್ದೀನಿ ಅಂತ ಹೋದ ಭೇಟಿಯಲ್ಲಿ ಅವರೇ ಹೇಳಿದರಲ್ಲ."

ಬೇರೆ ಊರುಗಳ ಆಸ್ಪತ್ರೆಗಳಿಗೂ ಅವಳು ಫೋನು ಮಾಡಿದಳು. ಎಲ್ಲ ಕಡೆಯೂ ಕೇಳಿದ್ದು ಒಂದೇ ಪ್ರಶ್ನೆ: ಈಗ ಹೇಗಿದ್ದಾರೆ? ಚೆನ್ನಾಗಿದ್ದಾರೆ ಎಂದರೆ, ಮತ್ಯಾಕೆ ಅವಸರ ಎನ್ನುತ್ತಿದ್ದರು.

ಆಮೇಲಿನ ತಿಂಗಳುಗಳಲ್ಲಿ ನೀಲಾಂಬಿಕಾಳಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿಸುವಂಥದೊಂದು ಆಸೆ ಬೆಳೆಯಿತು. ಗಂಡನ ಮಾತ್ರೆ ಬೇಗ ಸೋಲಲಿ ಎಂದು ಅವಳು ಕಾಯತೊಡಗಿದಳು. ಅವನು ಮೆಟ್ಟಿಲು ಹತ್ತುವಾಗ ಏದುಸಿರು ಬಂತೇ ಎಂದು ಕಿವಿಗೊಡುತ್ತಿದ್ದಳು. ಪಾದದ ಮೇಲೆ ಬೆರಳೊತ್ತಿ ಕುಳಿ ಬೀಳುತ್ತದೆಯೇ ಎಂದು ನೋಡುತ್ತಿದ್ದಳು. ಬೀಳದಿದ್ದರೆ ಸಂತೋಷವೂ ಆಗುತ್ತಿತ್ತು, ಎದೆ ಒಡೆದಂತೆಯೂ ಆಗುತ್ತಿತ್ತು. ಅವನು ಕಾಲು ಎಳೆದುಕೊಂಡು, "ಏನ್ ನೀ, ದನದ ಡಾಕ್ಟರ್ ಹಂಗ ದಿನಾ ಮುಟ್ಟಿ ನೋಡ್ತಿ?" ಎಂದು ನಗುತ್ತಿದ್ದ.

ಕೆಲಸದಲ್ಲಿ ಮಧ್ಯಾಹ್ನದ ಬುತ್ತಿಯನ್ನು ಅವಳು ಬಲಪರದೆಯ ಮುಂದೆ ಬಿಚ್ಚಿಕೊಳ್ಳುತ್ತಿದ್ದಳು. ಎಡದ್ದರ ಮೇಲೆ ಒಂದು ಹಾಳೆ ಅಂಟಿಸಿಬಿಟ್ಟಿದ್ದಳು. ಬಲಗಡೆಯದು ಲಬ್‌ಡಬ್ ಎಂದು ತಪ್ಪದೆ ಬಡಿಯುತ್ತಿತ್ತು. ಅದಕ್ಕೆ ಮುಖವಿಲ್ಲ, ಕೈಕಾಲಿಲ್ಲ, ಅದು ಬರೀ ಲೆಕ್ಕ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೂ ತಿಳಿದಿರಲಿಲ್ಲ. ಆದರೂ ಅದರ ಮುಂದೆ ಕೂತರೆ ಅನ್ನ ಗಂಟಲಲ್ಲಿ ಇಳಿಯುತ್ತಿತ್ತು.

ಮಾತ್ರೆ ಸೋತದ್ದು ಗದಗಿನಲ್ಲಿ ವಿಭಾಗಮಟ್ಟದ ಪಂದ್ಯ ನಡೆಯುತ್ತಿದ್ದಾಗ. ಶಬಾನಾ ದಾಳಿಯಲ್ಲಿದ್ದಳು. ಅಂಕಣದ ಹೊರಗಿಂದ "ತಿರುಗು, ತಿರುಗು!" ಎಂದು ಕೂಗಿದ ವೃಷಭೇಂದ್ರನಿಗೆ ಮೂರನೆಯ ಸಲದ ಕೂಗು ಹೊರಡಲಿಲ್ಲ. ಬಾಯಿಂದ ಗುಲಾಬಿ ಬಣ್ಣದ ನೊರೆ ಬಂತು. ಶಬಾನಾ ಆಟ ಬಿಟ್ಟು ಗೆರೆ ದಾಟಿ ಓಡಿಬಂದು ಅವನನ್ನು ಎತ್ತಿ ಕೂರಿಸಿಕೊಂಡಳಂತೆ. ಆಂಬುಲೆನ್ಸಿನಿಂದ ಅವಳೇ ಫೋನು ಮಾಡಿದಳು. "ಅಕ್ಕಾ, ಸರ್‌ಗೆ ಉಸಿರ್ ಹಿಡೀವಲ್ದು. ಲಗೂನ ಬರ್ರಿ ಅಕ್ಕಾ."

ನೀಲಾಂಬಿಕಾ ಆಸ್ಪತ್ರೆಯ ಬಾಗಿಲಲ್ಲೇ ಇದ್ದಳು. ಗಂಡನ ನೀಲಿಗಟ್ಟಿದ ತುಟಿ ನೋಡಿದಾಗ ಅವಳ ಮನಸ್ಸಿಗೆ ಮೊದಲು ಬಂದ ಮಾತು, ಇನ್ನು ತಂತಿ ಹಾಕುತ್ತಾರೆ ಎಂಬುದು.

ಕೂಡಲೇ ಹಾಕಲಾಗಲಿಲ್ಲ. ಮೇಲಿನ ಕೋಣೆಯ ಮೂಲೆಯಲ್ಲಿ ನಿಂತ ರಕ್ತ ಹೆಪ್ಪುಗಟ್ಟಿತ್ತು. ತಂತಿ ತಾಗಿ ಅದು ಕದಲಿದರೆ ನೇರ ಮಿದುಳಿಗೆ ಹೋಗುತ್ತದೆ, ಕರಗುವ ತನಕ ಕಾಯಬೇಕು ಎಂದರು. ಕಾದರು. ಕರಗುವ ಹೊತ್ತಿಗೆ ಮುಂಗಾರು ಹಿಡಿದಿತ್ತು. ಡಾ. ವಸುಂಧರಾ ತಾವೇ ನಿಂತು ತಂತಿ ಹಾಕಿದರು. ಬೆಳಿಗ್ಗೆ ಒಳಗೆ ಹೋದವರು ಊಟದ ಹೊತ್ತು ಮೀರಿದ ಮೇಲೆ ಹೊರಬಂದರು. ಲಯ ಬಂದಿತ್ತು.

ಅದು ಹೆಚ್ಚು ಕಾಲ ಉಳಿಯಲಿಲ್ಲ. ಶ್ರಾವಣ ಮುಗಿಯುವಷ್ಟರಲ್ಲಿ ನಡುಕ ಮತ್ತೆ ಶುರುವಾಯಿತು.

"ಗೋಡೆ ತುಂಬ ಕಲೆ ಆಗಿಬಿಟ್ಟಿದೆ," ಎಂದರು ಡಾಕ್ಟರು. "ಬೇಲಿ ಹಾಕೋಕೆ ನೆಲವೇ ಉಳಿದಿಲ್ಲ. ಇನ್ನೊಮ್ಮೆ ಸುಡೋದು ಅಪಾಯ."

"ಮೊದಲ ಹಾಕಿದ್ರ?" ಎಂದು ಕೇಳಿದಳು ನೀಲಾಂಬಿಕಾ.

ಡಾಕ್ಟರು ಕೈಯಲ್ಲಿದ್ದ ಚಿತ್ರವನ್ನು ಮೇಜಿನ ಮೇಲಿಟ್ಟರು. "ಆಗ್ತಿತ್ತು ಅಂತ ನಾನು ಹೇಳಲಾರೆ. ಆಗ್ತಿರಲಿಲ್ಲ ಅಂತಲೂ ಹೇಳಲಾರೆ. ಹೇಳಬಲ್ಲವರ ಹತ್ತಿರ ನೀವು ದಿನಾ ಕೂತಿರ್ತೀರಿ."

ಮನೆಗೆ ಬಂದ ಮೇಲೆ ಅವಳು ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನು ಮೂರು ದಿಂಬು ಒರಗಿಸಿಕೊಂಡು ಮಂಚದ ಮೇಲೆ ಕೂತಿದ್ದ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಬಾಚಣಿಗೆಯ ಗೆರೆ, ಎಡಪರದೆ, ಬಲಪರದೆ, ಕಿಟಕಿಯಿಂದ ಕಂಡ ಮುದುಕ, ಅವಳು ಒಂದನ್ನೂ ಬಿಡಲಿಲ್ಲ. ಮಾತ್ರೆ ಬೇಗ ಸೋಲಲಿ ಎಂದು ಕಾದದ್ದನ್ನೂ ಹೇಳಿದಳು.

ಅವನು ಕೂಗಾಡಲಿಲ್ಲ. ದಿಂಬು ಸರಿಮಾಡಿಕೊಂಡು ಕೇಳಿದ:

"ಅವ ಹೆಂಗದಾನ ಈಗ?"

"ಯಾರು?"

"ಬಲಗಡೇದವ."

"ಛಲೋ ಅದಾನ," ಎಂದಳು ಅವಳು. ಅಂದಮೇಲೆ ತುಟಿ ಕಚ್ಚಿಕೊಂಡಳು.

"ಇಷ್ಟ ದಿನ ನಾ ಇಲ್ಲಿ ಉಪ್ಪಿಲ್ಲದ್ ಉಣಾಕತ್ತಿದ್ದೆ. ನೀ ಅಲ್ಲಿ ಅವನ್ ಕೂಡ ಬುತ್ತಿ ಉಣಾಕತ್ತಿದ್ದಿ." ಅವನು ಉಸಿರೆಳೆದುಕೊಂಡ. "ನಾ ಅವನ್ನ ನೋಡಬೇಕು."

ಅಧ್ಯಯನ ಮುಗಿಯುತ್ತ ಬಂದಿತ್ತು. ಅವನು ಅದರಿಂದ ಹೊರಬಿದ್ದವನಾದ್ದರಿಂದ ಡಾ. ವಸುಂಧರಾ ಅನುಮತಿ ಕೊಟ್ಟರು. ಒಂದು ಭಾನುವಾರ ಮುಂಜಾನೆ ಗಾಲಿಕುರ್ಚಿಯಲ್ಲಿ ಅವನನ್ನು ಯಂತ್ರದ ಕೋಣೆಗೆ ತಳ್ಳಿಕೊಂಡು ಹೋದಳು. ಎಡಪರದೆಯ ಹಾಳೆಯನ್ನು ಅವನೇ ಕಿತ್ತ. ಒಳಗೆ ನಿಂತುಹೋದ ಹೃದಯ ಬೂದುಬಣ್ಣಕ್ಕೆ ತಿರುಗಿ ಹಾಗೆಯೇ ಇತ್ತು. ಬಲಗಡೆಯದು ಬಡಿಯುತ್ತಿತ್ತು. ಅವನು ಅದನ್ನೇ ನೋಡುತ್ತ ಕೂತ. ಬೆರಳು ತಾನಾಗಿ ಕುರ್ಚಿಯ ಹಿಡಿಕೆಯ ಮೇಲೆ ಅದರ ಲಯಕ್ಕೆ ತಟ್ಟತೊಡಗಿತು. ಎದೆಯೊಳಗಿನ ಲಯ ಬೇರೆ, ಬೆರಳಿನದು ಬೇರೆ.

"ಇಂವ ದಾಳಿಗೆ ಹೋಗಬಹುದೇನು?"

"ಹೋಗಬಹುದ್ರಿ."

"ನಾ ಇವನೂ ಅಲ್ಲ. ಆ ಸತ್ತಾಂವನೂ ಅಲ್ಲ, ಹೌದಲ್ಲ? ಅವಗ ತಂತಿನ ಬೀಳಲಿಲ್ಲ, ಇವಗ ತಡ ಆಗಲಿಲ್ಲ."

"ಹೌದ್ರಿ."

"ಹಂಗಾರ ನಾ ಮೂರನೇದವ. ನನ್ನ ಬಗ್ಗೆ ಇದಕ್ಕ ಏನೂ ಗೊತ್ತಿಲ್ಲ."

ನೀಲಾಂಬಿಕಾ ಅವನ ಮುಂದೆ ಮೊಣಕಾಲೂರಿ ಕೂತಳು. "ಹೊಸಾದು ಕಟ್ಟಬಹುದು. ಈಗಿನ ಚಿತ್ರ ಹಾಕಿ ಓಡಿಸಿದ್ರ ಮುಂದ ಏನಾಗ್ತೈತಿ ಅಂತ ಹೇಳ್ತೈತಿ. ಓಡಸ್ಲೇನು?"

"ಹೇಳಿದ ಮ್ಯಾಲ ಏನ್ ಮಾಡ್ತಿ?"

ಇನ್ನೊಮ್ಮೆ ಸುಡುವುದು ಅಪಾಯ. ಬೇರೆ ಮಾತ್ರೆಗಳನ್ನು ಅವನ ಶ್ವಾಸಕೋಶ ತಡೆಯುವುದಿಲ್ಲ. ಬೇರೆಯವರ ಹೃದಯಕ್ಕಾಗಿ ಕಾಯುವವರ ಸಾಲಿನಲ್ಲಿ ಅವನ ಹೆಸರು ಆಗಲೇ ಇತ್ತು, ಆ ಸಾಲು ಕದಲುತ್ತಿರಲಿಲ್ಲ. ಅವಳು ಅವನ ಪಾದಗಳನ್ನು ಗಾಲಿಕುರ್ಚಿಯ ಕಾಲುಪಟ್ಟಿಯ ಮೇಲೆ ಸರಿಮಾಡಿ ಇಟ್ಟಳು.

"ಬ್ಯಾಡ ಬಿಡು," ಎಂದ ಅವನು. "ಮನೀಗೆ ನಡಿ. ಚಳಿ ಆಗಾಕತ್ತೈತಿ ಇಲ್ಲಿ."

ಕಾರ್ತಿಕದಲ್ಲಿ ಫಲಿತಾಂಶ ಬಂತು. ಡಾ. ವಸುಂಧರಾ ಅದನ್ನು ಊರಿಗೆಲ್ಲ ಹೇಳುವ ಮೊದಲು ಕೊಟಬಾಗಿಯವರ ಮನೆಗೆ ಬಂದರು. ಶಬಾನಾಳೂ ಅಲ್ಲೇ ಇದ್ದಳು. ದಿನಾ ಆಟ ಮುಗಿಸಿ ಬಂದು ಸರ್‌ಗೆ ವರದಿ ಒಪ್ಪಿಸುವುದು ಅವಳ ರೂಢಿ. ನೀಲಾಂಬಿಕಾ ಎಲ್ಲರಿಗೂ ಚಹಾ ಕೊಟ್ಟಳು, ಗಂಡನಿಗೆ ಅರ್ಧ ಲೋಟ.

"ತಂತಿ ಗುಂಪಿನವರು ಹೆಚ್ಚು ಬದುಕಿದ್ದಾರೆ," ಎಂದರು ಡಾಕ್ಟರು. "ಆಸ್ಪತ್ರೆಗೆ ಮರಳಿ ಬಂದಿದ್ದೂ ಕಡಿಮೆ. ಎಲ್ಲರಲ್ಲೂ ಅಲ್ಲ. ಮಾತ್ರೆಯೇ ಸಾಕಾಗಿದ್ದವರು ಇದ್ದಾರೆ, ತಂತಿಯಿಂದ ಏನೂ ಸಿಗದವರೂ ಇದ್ದಾರೆ. ಆದರೆ ಯಾರಿಗೆ ಯಾವುದು ಅನ್ನೋದನ್ನ ಯಂತ್ರ ಬಹುಮಟ್ಟಿಗೆ ಸರಿಯಾಗಿಯೇ ಹೇಳಿತ್ತು." ಅವರು ಲೋಟವನ್ನು ಕೆಳಗಿಟ್ಟರು. "ನಿಮ್ಮ ವಿಷಯದಲ್ಲೂ."

ವೃಷಭೇಂದ್ರ ತಲೆಯಾಡಿಸಿದ. "ಮುಂದ್ ಬರೋವ್ರಿಗೆ ಚೀಟಿ ಎತ್ತೂದಿಲ್ಲಲ್ರಿ?"

"ಇಲ್ಲ. ಇನ್ನು ಮುಂದೆ ಎರಡೂ ಪರದೆ ಅವರಿಗೇ ತೋರಿಸ್ತೀವಿ. ನೋಡಿ ಆರಿಸ್ಕೊಳ್ತಾರೆ."

"ಛಲೋ ಆತ್ರಿ." ಅವನು ನಕ್ಕ. ಶಬಾನಾಳ ಕಡೆ ತಿರುಗಿ, ತುಂಡುತುಂಡಾಗಿ, "ನೋಡವಾ, ಒಬ್ಬಾಂವ ಔಟ್ ಆದ್ರೂ… ಟೀಮಿಗೆ ಪಾಯಿಂಟ್ ಬಂತು," ಎಂದ.

ಶಬಾನಾ ನಗಲಿಲ್ಲ. ಡಾ. ವಸುಂಧರಾ ಎದ್ದು ಅವನ ಕೈ ಹಿಡಿದುಕೊಂಡರು. ಹುಡುಗಿ ಅವರನ್ನು ಗೇಟಿನ ತನಕ ಬಿಡಲು ಹೋದಳು.

ಅವರ ಹೆಜ್ಜೆಯ ಸದ್ದು ಅಡಗಿದ ಮೇಲೆ ವೃಷಭೇಂದ್ರನ ನಗು ಮುಖದ ಮೇಲಿಂದ ಕಳಚಿ ಬಿತ್ತು. ಅವನು ಅಳತೊಡಗಿದ. ಅಳಲಿಕ್ಕೂ ಉಸಿರು ಬೇಕು. ಆ ಉಸಿರು ಸಾಲದೆ ನಡುನಡುವೆ ನಿಂತು ನಿಂತು ಅತ್ತ.

"ನಂಗ… ಪಾಯಿಂಟ್ ಬ್ಯಾಡಾಗಿತ್ತು, ನೀಲಾ," ಎಂದ. "ನಂಗ ಆಡೂದಿತ್ತು."

ನೀಲಾಂಬಿಕಾ ಮಂಚದ ಕೆಳಗೆ ಕೂತು ಅವನ ಬಾತ ಪಾದಗಳನ್ನು ಮಡಿಲಿಗೆ ಎಳೆದುಕೊಂಡಳು. ಒತ್ತಿದಲ್ಲೆಲ್ಲ ಅವಳ ಬೆರಳಿನ ಕುಳಿ ಮೂಡಿ ಹಾಗೆಯೇ ಉಳಿಯುತ್ತಿತ್ತು. ಅವಳು ಒತ್ತುತ್ತಲೇ ಇದ್ದಳು.